ಸರ್ಪಸುತ್ತು, ಕೆಮ್ಮಣ್ಣು ಮತ್ತು ನಾನು

ತಿಂಗಳಿಂದ ಈ ಕಡೆ ತಲೆ ಹಾಕಿರಲಿಲ್ಲ, ಕ್ಷಮೆಯಿರಲಿ. ಯಶವಂತಪುರದ ನಮ್ಮ ಮನೆಗೆ ಬಂದಿದ್ದ ಅಜ್ಜಿಗೆ ಸರ್ಪಸುತ್ತು ಆಗಿತ್ತು. ಮೊದಲು ಬೆನ್ನಿನ ಎಡಗಡೆ ಉರಿ ಅಂದಳು. ಆಮೇಲೆ ಪಕ್ಕೆಯವರೆಗೂ ಸಾಲಾಗಿ ನೀರುಗುಳ್ಳೆ. "ಹಾವಿನ ತಲೆ-ಬಾಲ ಕೂಡಿದರೆ ಕಷ್ಟ, ಕೆಮ್ಮಣ್ಣು ಹಚ್ಚಿಸಿ" ಅಂದರು ಪಕ್ಕದ ಮನೆಯವರು. ರಿಲೀಸ್ ಗಡಿಬಿಡಿಯಲ್ಲಿದ್ದ ನಾನೂ "ಹೂಂ" ಅಂದುಬಿಟ್ಟೆ. ಡಾಕ್ಟರ ಹತ್ತಿರ ಹೋಗಿದ್ದು ಆರನೇ ದಿನ. ಈಗ ಗುಳ್ಳೆ ಒಣಗಿವೆ, ನೋವು ಹೋಗಿಲ್ಲ. ಸೆರಗು ತಾಗಿದರೂ ಅಜ್ಜಿ ಬೆಚ್ಚಿಬೀಳುತ್ತಾಳೆ...

ಇದು ಹೊರಗಿಂದ ಬಂದ ಹಾವಲ್ಲ ಕಣ್ರೀ. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್, ಅಂದರೆ 'ಅಮ್ಮ', ಬಂದಾಗ ಒಳಸೇರಿದ ವೈರಸ್ಸೇ ಬೆನ್ನುಹುರಿ ಪಕ್ಕದ ನರಗಂಟುಗಳಲ್ಲಿ ಜೀವನಪೂರ್ತಿ ಮಲಗಿರುತ್ತೆ. ಅದು ಏಳದಂತೆ ಕಾಯೋದು ನಮ್ಮ ಟಿ-ಜೀವಕೋಶಗಳ ನೆನಪು. ವಯಸ್ಸಾದಂತೆ ಆ ನೆನಪು ಸವೆಯುತ್ತೆ, ವೈರಸ್ ಒಂದು ನರ ಹಿಡಿದು ಹೊರಬರುತ್ತೆ. 1965ರಲ್ಲೇ ಹೀಗೆ ವಾದಿಸಿದವರು ಎಡ್ಗರ್ ಹೋಪ್-ಸಿಂಪ್ಸನ್ ಅನ್ನೋ ಇಂಗ್ಲೆಂಡಿನ ಸಾಮಾನ್ಯ ವೈದ್ಯರು. ಗುಳ್ಳೆಗಳು ಸಾಮಾನ್ಯವಾಗಿ ಮೈಯ ಒಂದೇ ಪಕ್ಕ ಏಳೋದೂ ಅದಕ್ಕೇ. ಇನ್ನು ತಲೆ-ಬಾಲ ಕೂಡೋದೆಲ್ಲಿ? ಎರಡು-ನಾಲ್ಕು ವಾರದಲ್ಲಿ ಗುಳ್ಳೆ ತಾನಾಗೇ ಒಣಗುತ್ತೆ, ಹೆಸರು ಮಾತ್ರ ಕೆಮ್ಮಣ್ಣಿಗೆ!

ತಮಾಷೆ ಅಂದರೆ ಇದೇ ಕುಟುಂಬದ ಸೈಟೊಮೆಗಾಲೊವೈರಸ್ ಕಥೆ ಪೂರ್ತಿ ಉಲ್ಟಾ. ನಮ್ಮ ದೇಶದ ಬಹುಪಾಲು ದೊಡ್ಡವರ ಮೈಯಲ್ಲಿ ಅದು ಸದ್ದಿಲ್ಲದೆ ಕೂತಿದೆ. ಅದರ ನೆನಪು ಸವೆಯೋದಿರಲಿ, ವಯಸ್ಸಾದಂತೆ ಊದಿಕೊಳ್ಳುತ್ತೆ. ನೆನಪಿನ ಟಿ-ಕೋಶಗಳಲ್ಲಿ ಸರಾಸರಿ ಶೇ. 10ರಷ್ಟು ಅದೊಂದಕ್ಕೇ ಮೀಸಲು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮೆಮೊರಿ ಲೀಕ್ :-) ಇದರಿಂದ ಬೇರೆ ರೋಗಗಳ ವಿರುದ್ಧದ ಶಕ್ತಿ ಕುಗ್ಗುತ್ತಾ ಅನ್ನೋದು ಇನ್ನೂ ಚರ್ಚೆಯಲ್ಲಿದೆ.

ಕೆಮ್ಮಣ್ಣು ಹಚ್ಚಿದ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರು ಅಜ್ಜಿ ಹತ್ತಿರ ಕೂತು ಅರ್ಧ ಗಂಟೆ ಮಾತಾಡಿದರು. ನಾನು ಅದನ್ನೂ ಮಾಡಲಿಲ್ಲ. ಆದರೆ ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ವಿರುದ್ಧದ ಮಾತ್ರೆ ಶುರುವಾದರೆ ಒಳ್ಳೇದು ಅಂತ ಓದುಬರಹ ಬಲ್ಲ ನನಗೆ ಗೊತ್ತಿರಬೇಕಿತ್ತು. 50 ದಾಟಿದವರಿಗೆ ಎರಡು ಡೋಸಿನ ಲಸಿಕೆಯೂ 2023ರಿಂದ ನಮ್ಮಲ್ಲಿ ಸಿಗುತ್ತಿದೆ. ದುಬಾರಿ, ನಿಜ. ಎಲ್ಲರ ಕೈಗೆಟುಕೋ ಬೆಲೆಗೆ ಅದು ಬರಲೇಬೇಕು. ಆದರೆ ನಾವು ಇಎಂಐ ಕಟ್ಟೋ ಫೋನಿಗಿಂತ ದುಬಾರಿಯೇನಲ್ಲ.

ಅಪ್ಪ-ಅಮ್ಮನ ಬಗ್ಗೆ ಈ ವಾರ ಡಾಕ್ಟರನ್ನ ಕೇಳ್ತಿದೀನಿ. ನೀವು?