ಸಾಮಾನಿಗಿಂತ ಪೊಟ್ಟಣವೇ ಭಾರ

ದಿನಸಿ ಅಂಗಡಿಯವನು ಕೊತ್ತಂಬರಿ, ಮೆಣಸು, ಜೀರಿಗೆಗಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿಕೊಡುವುದು ನ್ಯಾಯವೇ. ಆದರೆ ಒಂದೊಂದು ಕಾಳು ಮೆಣಸಿಗೂ ಒಂದೊಂದು ಪೊಟ್ಟಣ ಕಟ್ಟಿ ದಾರ ಸುತ್ತಿದರೆ? ಗೃಹಿಣಿಗೆ ಅಡಿಗೆಗಿಂತ ಗಂಟು ಬಿಚ್ಚುವುದರಲ್ಲಿಯೇ ಹೊತ್ತು ಕಳೆದೀತು. ನಮ್ಮ ಕೈಯ ಮೊಬೈಲಿನಲ್ಲಿ ವೆಬ್ ಪುಟವೊಂದು ತೆರೆದುಕೊಳ್ಳಲು ತಡಮಾಡಿದಾಗ, ಕೆಲವೊಮ್ಮೆ ಒಳಗೆ ನಡೆದಿರುವುದೂ ಇಂಥದೇ.

ವೆಬ್ ಪುಟಗಳಿಗೆ ಜೀವಕಳೆ ತುಂಬುವ ಜಾವಾಸ್ಕ್ರಿಪ್ಟ್ ಭಾಷೆ ಹುಟ್ಟಿದುದು 1995ರಲ್ಲಿ. ಬ್ರೆಂಡನ್ ಐಕ್ ಎಂಬುವರು ಅದರ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ಸಿದ್ಧಪಡಿಸಿದರು. ಸಣ್ಣ ಕೆಲಸಕ್ಕೆಂದು ಹುಟ್ಟಿದ ಆ ಭಾಷೆಯಲ್ಲಿ ಬರಬರುತ್ತ ಬೃಹತ್ತಾದ ಪ್ರೋಗ್ರಾಮುಗಳು ಬಂದವು. ಅವನ್ನು ಮಾಡ್ಯೂಲುಗಳೆಂಬ ಚಿಕ್ಕ ಚಿಕ್ಕ ಕಡತಗಳಾಗಿ ವಿಂಗಡಿಸಿ ಬರೆಯುವುದು ರೂಢಿಯಾಯಿತು. ನೂರಾರು ಕಡತಗಳನ್ನು ಬ್ರೌಸರಿಗೆ ಬಿಡಿಬಿಡಿಯಾಗಿ ಕಳುಹಿಸಿದರೆ ವಿಳಂಬವಾಗುವುದಷ್ಟೆ? ಅವೆಲ್ಲವನ್ನೂ ಒಂದೇ ಮೂಟೆಯಾಗಿ ಕಟ್ಟಿಕೊಡುವ ಸಾಧನವೇ ಬಂಡ್ಲರ್. 2011ರ ಬ್ರೌಸರಿಫೈ, 2012ರ ವೆಬ್‌ಪ್ಯಾಕ್ ಈ ಜಾತಿಯವು.

ಆದರೆ ಇಲ್ಲೊಂದು ತೊಡಕುಂಟು. ಎರಡು ಕಡತಗಳಲ್ಲಿ ಬೇರೆ ಬೇರೆ ಲೆಕ್ಕಗಳಿಗೆ ‘ಮೊತ್ತ’ ಎಂಬ ಒಂದೇ ಹೆಸರಿದ್ದರೆ, ಕೂಡಿಸಿದಾಗ ಒಂದು ಇನ್ನೊಂದನ್ನು ಕೆಡಿಸೀತು. ಇದನ್ನು ತಪ್ಪಿಸಲೆಂದು ಮೊದಮೊದಲ ಬಂಡ್ಲರುಗಳು ಪ್ರತಿಯೊಂದು ಕಡತಕ್ಕೂ ಫಂಕ್ಷನ್ ಎಂಬ ಹೊದಿಕೆ ಹೊದಿಸಿ, ಅಂಕೆಯೊಂದನ್ನು ಕೊಟ್ಟು, ಬೇಕಾದಾಗ ಆ ಅಂಕೆಯಿಂದ ಹುಡುಕಿ ತರುವ ಏರ್ಪಾಡು ಮಾಡಿದವು. ಎರಡು ಸಾಲಿನ ಕಡತಕ್ಕೂ ಹೊದಿಕೆ ತಪ್ಪದು! ಒಂದೇ ಬಗೆಯ ಬರಹವಾದುದರಿಂದ ಸಾಗಣೆಯಲ್ಲಿ ಅದನ್ನು ಕುಗ್ಗಿಸಬಹುದು, ನಿಜ. ಆದರೆ ಫೋನನ್ನು ಸೇರಿದೊಡನೆ ಅದು ಮತ್ತೆ ಹಿಗ್ಗುತ್ತದೆ. ಆ ಹೊದಿಕೆಗಳನ್ನು ಓದಿ ಬಿಚ್ಚುವ ಶ್ರಮ ಬ್ರೌಸರಿಗೆ ತಪ್ಪುವುದಿಲ್ಲ. 2016ರಲ್ಲಿ ನೋಲನ್ ಲಾಸನ್ ಎಂಬ ಪ್ರೋಗ್ರಾಮರ್ 100, 1000, 5000 ಮಾಡ್ಯೂಲುಗಳ ಮೂಟೆಗಳನ್ನು ಕಟ್ಟಿ ಅಳೆದು, ಮಾಡ್ಯೂಲುಗಳು ಹೆಚ್ಚಿದಂತೆ ಹೊದಿಕೆಯ ಬೆಲೆಯೂ ಏರುವುದೆಂದು ತೋರಿಸಿಕೊಟ್ಟರು.

ಪರಿಹಾರದ ದಾರಿ 2015ರಲ್ಲಿಯೇ ತೆರೆದಿತ್ತು. ಯಾವ ಕಡತವು ಯಾವುದರಿಂದ ಏನನ್ನು ಪಡೆಯುತ್ತದೆಂಬುದನ್ನು ಮೊದಲೇ ಸ್ಪಷ್ಟವಾಗಿ ಸಾರುವ ಕ್ರಮ ಆ ವರ್ಷ ಭಾಷೆಯ ಅಧಿಕೃತ ನಿಯಮವಾಯಿತು. ಅದನ್ನಾಧರಿಸಿ ರಿಚ್ ಹ್ಯಾರಿಸ್ ಅವರು ರಚಿಸಿದ ರೋಲಪ್ ಎಂಬ ಬಂಡ್ಲರ್, ಹೊದಿಕೆಗಳನ್ನು ಕಳಚಿ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿಯಿತು. ಡಿಕ್ಕಿ ಹೊಡೆಯುವ ಹೆಸರುಗಳನ್ನಷ್ಟೇ ಬದಲಿಸಿತು. ಯಾರೂ ಬಳಸದ ಭಾಗಗಳನ್ನು ಬಿಟ್ಟೇಬಿಟ್ಟಿತು. 2017ರಲ್ಲಿ ವೆಬ್‌ಪ್ಯಾಕಿನ ಮೂರನೆಯ ಆವೃತ್ತಿಯೂ ಈ ಉಪಾಯವನ್ನು ಅಳವಡಿಸಿಕೊಂಡಿತು.

ಹಾಗೆಂದು ಎಲ್ಲ ಹೊದಿಕೆಗಳನ್ನೂ ಹರಿದೊಗೆಯುವಂತಿಲ್ಲ. ಹಳೆಯ ಪದ್ಧತಿಯಲ್ಲಿ ಬರೆದ ಕಡತವು ಓಡುತ್ತಿರುವಾಗಲೇ, ಅದೂ ಯಾವುದೋ ಷರತ್ತಿಗೊಳಪಟ್ಟು, ಇನ್ನೊಂದು ಕಡತವನ್ನು ಕರೆಯಬಹುದು. ಅಂಥದನ್ನು ಮುಂಚಿತವಾಗಿ ಬಿಚ್ಚಿ ಸುರಿದರೆ ಕೆಲಸದ ಅನುಕ್ರಮವೇ ಕೆಟ್ಟೀತು. ಅಲ್ಲಿ ಹೊದಿಕೆ ದಂಡವಲ್ಲ, ರಕ್ಷಣೆ. ಯಾವ ಗಂಟು ಏತಕ್ಕೆಂಬುದನ್ನು ಅರಿತ ಮೇಲೆಯೇ ಬಿಚ್ಚುವುದು ವಿವೇಕ.

ಈ ಹೊರೆಯ ವಿಚಿತ್ರವೆಂದರೆ, ಕಟ್ಟಿದವನಿಗೆ ಅದು ತಿಳಿಯುವುದಿಲ್ಲ. ಅವನ ಕಂಪ್ಯೂಟರು ಬಲಶಾಲಿ. ಕ್ಷಣಾರ್ಧದಲ್ಲಿ ಎಲ್ಲವನ್ನೂ ಬಿಚ್ಚಿಬಿಡುತ್ತದೆ. ಭಾರ ಬೀಳುವುದು, ಅಗ್ಗದ ಫೋನು ಹಿಡಿದು ರೈಲ್ವೆ ಟಿಕೆಟ್ಟಿಗೋ ಪರೀಕ್ಷೆಯ ಫಲಿತಾಂಶಕ್ಕೋ ಕಾದಿರುವವರ ಮೇಲೆ. ಆದುದರಿಂದ ಮೂಟೆ ಕಟ್ಟುವವರು ಕಳುಹಿಸುವ ಮುನ್ನ ಅದನ್ನೊಮ್ಮೆ ತಾವೇ ತೆರೆದು, ಸಾಮಾನೆಷ್ಟು, ದಾರವೆಷ್ಟು ಎಂದು ನೋಡುವುದು ಒಳ್ಳೆಯದು.