ಜಿಲ್ಲೆಯ ನೆಲಕ್ಕೆ ನಕ್ಷೆ ಬರೆಯುವವರು ಯಾರು?



ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಪೌರನೀತಿಯ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಎಲ್ಲಿ ಮನೆ ಕಟ್ಟಬೇಕು, ಎಲ್ಲಿ ಹೊಲ ಉಳೀಬೇಕು ಅಂತ ನಮ್ಮ ಜಿಲ್ಲೆಗೆ ಯಾರು ತೀರ್ಮಾನ ಮಾಡ್ತಾರೆ?" ಎಂದು ಕೇಳಿದ್ದ. "ಜಿಲ್ಲಾ ಯೋಜನಾ ಸಮಿತಿ" ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಪರೀಕ್ಷೆಯಲ್ಲಿ ಹಾಗೆಯೇ ಬರೆದವರಿಗೆ ಪೂರ್ಣ ಅಂಕವನ್ನೂ ಕೊಟ್ಟೆ. ಈಗ ಆ ಉತ್ತರಪತ್ರಿಕೆಗಳನ್ನು ಮರುಮೌಲ್ಯಮಾಪನ ಮಾಡಬೇಕೆನ್ನಿಸುತ್ತಿದೆ. ತಪ್ಪು ಮಕ್ಕಳದಲ್ಲ, ಮೇಷ್ಟ್ರದು.

ಪುಸ್ತಕದ ಮಟ್ಟಿಗೆ ನನ್ನ ಉತ್ತರ ಸರಿಯೇ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು 243ಝಡ್‌ಡಿ ವಿಧಿಯ ಮೂಲಕ ಜಿಲ್ಲೆಗೊಂದು ಯೋಜನಾ ಸಮಿತಿ ಇರಬೇಕೆಂದು ವಿಧಿಸಿತು. ಅದರ ಸದಸ್ಯರಲ್ಲಿ ಐದನೆಯ ನಾಲ್ಕು ಭಾಗಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಜಿಲ್ಲಾ ಪಂಚಾಯಿತಿ ಮತ್ತು ಪುರಸಭೆ, ನಗರಸಭೆಗಳ ಚುನಾಯಿತ ಸದಸ್ಯರೊಳಗಿಂದಲೇ ಆಯ್ಕೆಯಾಗಬೇಕು. ಅವರು ಹಳ್ಳಿ, ಪಟ್ಟಣಗಳ ಯೋಜನೆಗಳನ್ನು ಕ್ರೋಡೀಕರಿಸಿ ಇಡೀ ಜಿಲ್ಲೆಯ ಕರಡು ಯೋಜನೆಯನ್ನು ಸಿದ್ಧಪಡಿಸಬೇಕು. ಆಗ ನೆಲದ ಬಳಕೆಯನ್ನು, ನೀರಿನ ಹಂಚಿಕೆಯನ್ನು, ಪರಿಸರ ರಕ್ಷಣೆಯನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಮುಂದೇನು? ಅಧ್ಯಕ್ಷರು ಅದನ್ನು ರಾಜ್ಯ ಸರ್ಕಾರಕ್ಕೆ ಕಳುಹಿಸಬೇಕು ಎನ್ನುವಲ್ಲಿಗೆ ವಿಧಿ ಮುಗಿಯುತ್ತದೆ. ಎಷ್ಟು ದಿನದೊಳಗೆ ಮಾನ್ಯತೆ ದೊರೆಯಬೇಕು, ಎಷ್ಟು ವರ್ಷಕ್ಕೊಮ್ಮೆ ಮರುಪರಿಶೀಲನೆಯಾಗಬೇಕು ಎಂಬ ಮಾತೇ ಅಲ್ಲಿಲ್ಲ. ಅಂಚೆಗೆ ಹಾಕಿದ ಕಾಗದಕ್ಕೆ ಉತ್ತರ ಬರಲೇಬೇಕೆಂಬ ನಿಯಮವಿಲ್ಲ!

ಪಟ್ಟಣಗಳ ವಿಷಯದಲ್ಲಿ ಕಾನೂನು ಇಷ್ಟು ಸಡಿಲವಲ್ಲ. ನಮ್ಮ ರಾಜ್ಯದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಮಹಾಯೋಜನೆಗೆ ಸರ್ಕಾರ ಮೊದಲು ತಾತ್ಕಾಲಿಕ ಒಪ್ಪಿಗೆ ನೀಡುತ್ತದೆ. ಸಾರ್ವಜನಿಕರಿಗೆ ಆಕ್ಷೇಪಣೆ ಸಲ್ಲಿಸಲು 60 ದಿನ. ಆಮೇಲೆ ಅಂತಿಮ ಒಪ್ಪಿಗೆ. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆ. ಆದರೂ ಆದದ್ದೇನು? ಬೆಂಗಳೂರಿನ 2015ರ ಗುರಿಯ ಪರಿಷ್ಕೃತ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. 2031ರ ಗುರಿಯ ಕರಡು 2017ರಲ್ಲಿ ಪ್ರಕಟವಾಗಿ, 2020ರಲ್ಲಿ ಹಿಂದಕ್ಕೆ ಹೋಯಿತು. ರಾಜಧಾನಿಯ ಪಾಡೇ ಹೀಗಾದರೆ, ಯೋಜನಾ ಪ್ರದೇಶದ ಗಡಿಯಾಚೆಗಿರುವ ಹಳ್ಳಿಗಳನ್ನು ಕೇಳುವವರಾರು? ಅಲ್ಲಿ ಮಹಾಯೋಜನೆಯೇ ಇಲ್ಲ. ಇರುವುದು 1964ರ ಭೂಕಂದಾಯ ಕಾಯ್ದೆಯ 95ನೆಯ ಪ್ರಕರಣದ ಭೂಪರಿವರ್ತನೆ. ಒಂದು ಅರ್ಜಿ, ಒಂದು ಸರ್ವೆ ನಂಬರು, ಒಂದು ಆದೇಶ.

ನಾನೂ ಈ ದೋಷದಿಂದ ಹೊರತಲ್ಲ. ಮಗಳ ಮದುವೆಗೆಂದು ಪಿತ್ರಾರ್ಜಿತದ ಒಂದು ಎಕರೆ ಮಾರಿದೆ. ಪರಿವರ್ತನೆಯ ಆದೇಶ ನಿಯಮದಂತೆಯೇ ಬಂತು. ಅಕ್ಕಪಕ್ಕದವರದೂ ಹಾಗೆಯೇ. ಕೆರೆಯ ಕಡೆಗೆ ಇಳಿಜಾರಾಗಿದ್ದ ಹೊಲಗಳು ಒಂದೊಂದಾಗಿ ಮಣ್ಣು ತುಂಬಿಸಿಕೊಂಡು ನಿವೇಶನಗಳಾದವು. ಮಳೆನೀರು ದಾರಿ ಬದಲಿಸಿತು. ನಾನು ಈಜು ಕಲಿತ ಕೆರೆಯಲ್ಲಿ ಇಂದು ಜಾಲಿ ಬೆಳೆದಿದೆ. ಯಾವ ಕಡತದಲ್ಲೂ ಸುಳ್ಳಿರಲಿಲ್ಲ. ಇಡೀ ಊರನ್ನು ಒಂದೇ ಹಾಳೆಯಲ್ಲಿ ನೋಡುವ ಕಡತ ಮಾತ್ರ ಯಾರ ಮೇಜಿನ ಮೇಲೂ ಇರಲಿಲ್ಲ.

"ಹಾಗಾದರೆ ರೈತ ತನ್ನ ಜಮೀನು ಮಾರಲೇಬಾರದೇ ಮೇಷ್ಟ್ರೇ?" ಎಂದು ನಿಮ್ಮಲ್ಲಿ ಕೆಲವರು ಕೇಳುವಿರಿ. ಮಾರಲಿ. ಆದರೆ ರಸ್ತೆ ಎಲ್ಲಿ ಬರುತ್ತದೆ ಎಂಬ ಸುದ್ದಿ ಇಂದು ದಲ್ಲಾಳಿಗೆ ಮೊದಲು ತಿಳಿಯುತ್ತದೆ, ಜಮೀನಿನ ಒಡೆಯನಿಗೆ ಕೊನೆಗೆ. ಎಲ್ಲರೆದುರು ತೂಗುಹಾಕಿದ ನಕ್ಷೆಯಿದ್ದರೆ ಮೊದಲು ಲಾಭವಾಗುವುದು ರೈತನಿಗೇ.

ಆದ್ದರಿಂದ ನನ್ನ ಆಗ್ರಹ ಮೂರು. ಜಿಲ್ಲಾ ಸಮಿತಿಯ ಭೂಬಳಕೆಯ ನಕ್ಷೆಗೆ ನಿಗದಿತ ಅವಧಿಯೊಳಗೆ ಕಾನೂನಿನ ಮಾನ್ಯತೆ ದೊರೆಯಲಿ. ಪರಿವರ್ತನೆಯ ಆದೇಶಗಳು ಅದಕ್ಕೆ ಬದ್ಧವಾಗಿರಲಿ. ಒಪ್ಪಿಗೆಗೆ ಮುನ್ನ ಆ ನಕ್ಷೆಯನ್ನು ಸರ್ವೆ ನಂಬರುಗಳ ಸಮೇತ, ಕನ್ನಡದಲ್ಲಿ, ಗ್ರಾಮಸಭೆಯ ಮುಂದಿಡಲಿ. ಐದು ವರ್ಷಕ್ಕೊಮ್ಮೆ ನಡೆಯುವ ಪರಿಶೀಲನೆಯಲ್ಲಿ ನಕ್ಷೆ ಮೀರಿ ಆದ ಪ್ರತಿ ಬದಲಾವಣೆಯೂ ಕಾರಣಸಹಿತ ಪ್ರಕಟವಾಗಲಿ. ಇಲ್ಲವಾದರೆ ಪರಿಷ್ಕರಣೆಯೆಂಬುದು ನಡೆದುಹೋದ ತಪ್ಪಿಗೆ ಹಸಿರು ಶಾಯಿಯ ರುಜು ಅಷ್ಟೆ. ಇದು ಆಗದ ಮಾತಲ್ಲ. ನೆರೆಯ ಕೇರಳ ತನ್ನ 2016ರ ಕಾಯ್ದೆಯಲ್ಲಿ ಜಿಲ್ಲೆಯ ಯೋಜನೆಗೂ ಸ್ಥಾನ ಕೊಟ್ಟಿದೆ.

ನಮ್ಮಲ್ಲಾದರೋ 2016ರಲ್ಲಿ ಚುನಾಯಿತವಾದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹಳ್ಳಿಗಳ ಪರವಾಗಿ ಸಮಿತಿಯಲ್ಲಿ ಕೂರಬೇಕಾದವರೇ ಇಲ್ಲದ ಮೇಲೆ ನಕ್ಷೆ ಬರೆಯುವವರು ಯಾರು?

ನನ್ನ ಶಿಷ್ಯರಲ್ಲಿ ಸರ್ವೆ ಇಲಾಖೆಯವರಿದ್ದೀರಿ, ಪಂಚಾಯಿತಿ ಸದಸ್ಯರಿದ್ದೀರಿ, ನಿವೇಶನ ವ್ಯವಹಾರದವರೂ ಇದ್ದೀರಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ಹುಡುಗನ ಪ್ರಶ್ನೆಯನ್ನೇ ಕೇಳಿ. ಅವನೂ ಇದನ್ನು ಓದುತ್ತಿದ್ದರೆ ಒಂದು ಮಾತು: ಅಂದು ನಾನು ಬರೆಸಿದ್ದು ಸಂವಿಧಾನದ ಆಸೆಯನ್ನು, ಊರಿನ ಸತ್ಯವನ್ನಲ್ಲ. ನಿನ್ನ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿದೆಯಪ್ಪಾ.

ಇಂತಿ,
ನಿಮ್ಮ ಮೇಷ್ಟ್ರು