ಮೇಣದ ಬತ್ತಿಯನ್ನು ಅರಿತು ಬೆಳಗಿಸೋಣ

ಪಾಸ್ಖ ಜಾಗರಣೆಯಲ್ಲಿ, ಜ್ಞಾನಸ್ನಾನದಲ್ಲಿ, ಅಗಲಿದವರ ಸಮಾಧಿಯ ಬಳಿಯಲ್ಲಿ ನಮ್ಮ ಕೈಯಲ್ಲಿರುವುದು ಮೇಣದ ಬತ್ತಿ. ಪಾಸ್ಖ ಘೋಷಣೆಯು ಜೇನುನೊಣಗಳ ದುಡಿಮೆಯನ್ನು ಸ್ಮರಿಸುತ್ತದೆ. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಅಂಗಡಿಗಳಲ್ಲಿ ನಾವು ಕೊಳ್ಳುವ ಬತ್ತಿ ಬಹುಮಟ್ಟಿಗೆ ಕಲ್ಲೆಣ್ಣೆಯಿಂದ ಬಂದ ಪ್ಯಾರಾಫಿನ್ ಮೇಣದ್ದು. ನಿತ್ಯವೂ ಬಳಸುವ ಈ ವಸ್ತುವಿನ ಗುಣವನ್ನು ನಮ್ಮ ಕುಟುಂಬಗಳು ತಿಳಿದಿರಬೇಕೆಂಬುದೇ ಈ ಬರಹದ ಆಶಯ.

ಜರ್ಮನಿಯ ಕಾರ್ಲ್ ಫಾನ್ ರೈಖೆನ್‌ಬಾಖ್ 1830ರಲ್ಲಿ ಇದನ್ನು ಬೇರ್ಪಡಿಸಿದನು. ಬೇರೆ ವಸ್ತುಗಳೊಡನೆ ಸುಲಭವಾಗಿ ವರ್ತಿಸದ ಕಾರಣ, ಅಲ್ಪ ನಂಟು ಎಂಬರ್ಥದ ಲ್ಯಾಟಿನ್ ಪದಗಳಿಂದ ಇದಕ್ಕೆ ಪ್ಯಾರಾಫಿನ್ ಎಂಬ ಹೆಸರು ಬಂದಿತು. ನಮ್ಮ ದೇಶದಲ್ಲಿ 1901ರಲ್ಲಿ ಆರಂಭವಾದ ಅಸ್ಸಾಮಿನ ಡಿಗ್ಬಾಯ್ ಸಂಸ್ಕರಣಾಗಾರವು ಮೇಣಕ್ಕೆ ಹೆಸರಾಗಿದೆ. ಇಂಗಾಲ ಮತ್ತು ಜಲಜನಕಗಳ ಉದ್ದನೆಯ ಸರಪಣಿಗಳಿಂದಾದ ಈ ಮೇಣ ನೀರಿನಲ್ಲಿ ಕರಗದು, ನೀರಿಗಿಂತ ಹಗುರ, ವಿದ್ಯುತ್ತನ್ನು ಹರಿಯಗೊಡದು. ಇದು ಸುಮಾರು 46ರಿಂದ 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ.

ಈ ಗುಣಗಳಿಂದಲೇ ಇದು ಉದ್ಯಮಗಳಿಗೆ ಬೇಕಾಗಿದೆ. ಬೆಂಕಿಕಡ್ಡಿಯ ತುದಿಯ ಉರಿ ಮರಕ್ಕೆ ದಾಟುವುದು ಕಡ್ಡಿಗೆ ಹೀರಿಸಿದ ಮೇಣದಿಂದ. ಮಕ್ಕಳ ಬಣ್ಣದ ಕಡ್ಡಿ, ತೇವ ತಡೆಯುವ ಕಾಗದ, ಹೊಳಪಿನ ಪಾಲಿಶ್ ಎಲ್ಲಕ್ಕೂ ಮೇಣ ಬೇಕು. ನಮ್ಮ ಸಿಮೆಂಟಿನ ಸೀಮೆಗೂ ಇದರ ನಂಟುಂಟು: ಹೊಸ ಕಾಂಕ್ರೀಟಿನ ಮೇಲೆ ಸಿಂಪಡಿಸುವ ಕೆಲವು ದ್ರಾವಣಗಳಲ್ಲಿ ಮೇಣವಿರುತ್ತದೆ. ಅದು ತೆಳುಪದರವಾಗಿ ನಿಂತು ಒಳಗಿನ ನೀರು ಆರದಂತೆ ತಡೆಯುತ್ತದೆ.

ಇನ್ನು ನಮ್ಮ ಮನೆಯ ಮಾತು. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ತಗಡಿನ ಮಾಡಿನಡಿ ಇಟ್ಟ ಕಡಿಮೆ ಕರಗುಬಿಂದುವಿನ ಬತ್ತಿಗಳು ಬಾಗಿ ಹೋಗುತ್ತವೆ. ಬಾಗಿದ ಬತ್ತಿ ಪರದೆಯ ಕಡೆಗೋ ಪ್ಲಾಸ್ಟಿಕ್ ಹೂವಿನ ಕಡೆಗೋ ವಾಲಿದರೆ ಅನಾಹುತ ತಪ್ಪದು. ಆದ್ದರಿಂದ ಗಟ್ಟಿಯಾದ ಬತ್ತಿಯನ್ನೇ ಕೇಳಿ ಕೊಳ್ಳಬೇಕು. ಮೇಣಕ್ಕೆ ಸ್ಟಿಯರಿಕ್ ಆಮ್ಲ ಸೇರಿಸಿದರೆ ಬತ್ತಿ ಗಡುಸಾಗುತ್ತದೆ. ಪ್ರಾರ್ಥನೆ ಮುಗಿದ ಮೇಲೆ, ನಿದ್ರೆಗೆ ಮುನ್ನ, ಮನೆ ಬಿಡುವ ಮುನ್ನ ಬತ್ತಿಯನ್ನು ಆರಿಸುವುದು ಭಕ್ತಿಗೆ ಕುಂದಲ್ಲ. ನಮ್ಮ ಮಕ್ಕಳ ಪ್ರಾಣವನ್ನು ಕಾಯುವುದೂ ದೇವರು ನಮಗೊಪ್ಪಿಸಿದ ಹೊಣೆಯೇ.

ದೇವಾಲಯದಲ್ಲಿಯೂ ಸಮಾಧಿ ಭೂಮಿಯಲ್ಲಿಯೂ ಉಳಿಯುವ ತುಂಡುಗಳ ಬಗೆಗೂ ಯೋಚಿಸಬೇಕು. ಮಳೆಗೆ ಕರಗದ ಈ ಮೇಣ ಶಹಾಬಾದ ಕಲ್ಲಿನ ಹಾಸಿಗೆ ಅಂಟಿ ನಿಲ್ಲುತ್ತದೆ. ಪ್ರತಿ ನವೆಂಬರ್ 2ರ ಮೃತರ ಸ್ಮರಣೆಯ ಬಳಿಕ ಯುವಜನರು ತುಂಡುಗಳನ್ನು ಆಯ್ದು ತಂದರೆ, ಅವನ್ನು ಕರಗಿಸಿ, ಸೋಸಿ, ಹೊಸ ಬತ್ತಿ ಎರೆಯಬಹುದು. ನಮ್ಮ ಮಹಿಳಾ ಸಂಘಗಳಿಗೆ ಇದು ಕಿರು ಆದಾಯವೂ ಆದೀತು. ಆದರೆ ತರಬೇತಿಯಿಲ್ಲದೆ ಈ ಕೆಲಸಕ್ಕೆ ಕೈಹಾಕುವುದು ಬೇಡ. ಮೇಣದ ಪಾತ್ರೆಯನ್ನು ನೇರ ಉರಿಯ ಮೇಲಿಡದೆ, ಕುದಿಯುವ ನೀರಿನ ಪಾತ್ರೆಯೊಳಗಿಟ್ಟು ಕರಗಿಸಬೇಕು. ಹಾಗೆ ಮಾಡಿದರೆ ಕಾವು 100 ಡಿಗ್ರಿ ಮೀರದು. ಸುಮಾರು 200 ಡಿಗ್ರಿಯಾಚೆಗೆ ಮೇಣದ ಆವಿ ಹೊತ್ತಿಕೊಳ್ಳಬಲ್ಲುದು. ಹೊತ್ತಿಕೊಂಡ ಮೇಣಕ್ಕೆ ನೀರು ಸುರಿಯಲೇಬಾರದು. ನೀರು ಅಡಿಗಿಳಿದು ಥಟ್ಟನೆ ಆವಿಯಾಗಿ ಉರಿಯನ್ನು ಸುತ್ತಲೂ ಸಿಡಿಸುತ್ತದೆ. ಒಲೆ ಆರಿಸಿ, ಪಾತ್ರೆಗೆ ಲೋಹದ ಮುಚ್ಚಳ ಮುಚ್ಚುವುದೇ ಸರಿಯಾದ ದಾರಿ.

ಧರ್ಮಕೇಂದ್ರಗಳ ಗುರುಗಳೂ ಹಿರಿಯರೂ ವರ್ಷಕ್ಕೊಮ್ಮೆಯಾದರೂ, ಪಾಸ್ಖಕ್ಕೆ ಮುನ್ನ, ಈ ಮಾತುಗಳನ್ನು ಜನರ ಮುಂದಿಡಲಿ. ಒಂದು ಪೆಟ್ಟಿಗೆ, ಒಂದು ಮುಚ್ಚಳ, ಅರೆಗಳಿಗೆಯ ಎಚ್ಚರ: ಬೇಕಾದುದು ಇಷ್ಟೇ. ಬೆಳಕನ್ನು ಹೊತ್ತು ನಡೆಯುವ ಸಮುದಾಯಕ್ಕೆ ಅದನ್ನು ಕಾಯುವ ವಿವೇಕವೂ ಇರಲಿ.